ನೀಲಿಗೆ ತಿರುಗಿದ ಕೋಸು

ಮನೆಯಿಂದ, ಹಿಂದಿನ ಕೋಣೆಯ ಕಿಟಕಿ ಪಕ್ಕ
ಹದಿನಾಲ್ಕನೇ ತಾರೀಖು, ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಕಡ್ಡೀ,

ಹೇಗಿದ್ದೀಯೋ? ಹೋದ ಸಲ ಸೊಂಟ ಹಿಡಿದುಕೊಂಡಿದೆ ಅಂದಿದ್ದೆಯಲ್ಲ, ಈಗ ಬಿಟ್ಟಿತೇ? ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ ಮಂಡಿ ಬಗ್ಗಿಸು, ಸೊಂಟ ಬಗ್ಗಿಸಬೇಡ ಎಂದು ನೂರು ಸಲ ಹೇಳಿದ್ದೇನೆ. ನೀನೋ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಆಸಾಮಿ. ನಿನ್ನ ಹೆಂಡತಿಯ ಕೆಮ್ಮು ಕಡಿಮೆಯಾಯಿತೇ? ಪುಟ್ಟಿ ಈಗ ಪೂರಾ ಪೂರಾ ವಾಕ್ಯ ಮಾತಾಡುತ್ತಾಳಂತೆ, ಅದೂ ನಿನ್ನನ್ನೇ ಗದರುವ ವಾಕ್ಯಗಳಂತೆ. ಮೂರು ವರ್ಷಕ್ಕೇ ಹೀಗಾದರೆ ಮುಂದೆ ನಿನ್ನ ಗತಿ ದೇವರೇ ಬಲ್ಲ. ಸೋದರತ್ತೆಯ ಗುಣ ಬಂದಿದೆ, ಅನುಭವಿಸು. ನಿನ್ನ ಭಾವ ಚೆನ್ನಾಗಿದ್ದಾರೆ, ಬಸ್ಸು ಓಡಿಸುವುದು, ಬಂದು ಕಾಲು ಚಾಚುವುದು, ಎರಡೇ ಕೆಲಸ. ನಾನೂ ಗುಂಡುಕಲ್ಲಿನ ಹಾಗಿದ್ದೇನೆ. ಅಪ್ಪನ ವಿಷಯ ಬರೆಯಬೇಕು. ತಡಿ, ಕಾಗದ ಮಡಚಬೇಡ! ಫೋನಿನಲ್ಲಿ ಅಪ್ಪ ಎಂಬ ಎರಡಕ್ಷರ ಬಂದ ಕೂಡಲೇ ನಿನಗೆ "ಸಿಗ್ನಲ್ ಇಲ್ಲ ಅಕ್ಕಾ" ಆಗಿಬಿಡುತ್ತದೆ. ಅದಕ್ಕೇ ಇದನ್ನು ಕಾಗದದಲ್ಲಿ ಬರೆದು ನಿನ್ನ ಭಾವನ ಕೈಯಲ್ಲೇ ಕಳಿಸುತ್ತಿದ್ದೇನೆ. ಕಾಗದಕ್ಕೆ ಸಿಗ್ನಲ್ ಬೇಕಿಲ್ಲ, ಕೂತು ಕಡೆಯ ತನಕ ಓದು. ಅಪ್ಪನಿಗೆ ಕಣ್ಣು ಕಾಣುತ್ತಿಲ್ಲ ಕಣೋ.

ಮೊದಲಿಂದ ಹೇಳುತ್ತೇನೆ, ಇಲ್ಲದಿದ್ದರೆ ನೀನು ನಂಬುವುದಿಲ್ಲ. ನಾನು ಆಸ್ಪತ್ರೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ಹನ್ನೊಂದು ವರ್ಷ ಆಯಿತಲ್ಲ, ಅಷ್ಟೂ ವರ್ಷ ಅಪ್ಪನಿಗೆ ನನ್ನ ಕೆಲಸವೆಂದರೆ ಅಷ್ಟಕ್ಕಷ್ಟೇ. ಅವರದು ಬಣ್ಣದ ಮಿಲ್ಲು. ಮೂವತ್ತನಾಲ್ಕು ವರ್ಷ ಬಟ್ಟೆಯ ಬಣ್ಣ ನೋಡಿ ಇದು ಪಾಸ್, ಇದು ಫೇಲ್ ಎಂದು ತೀರ್ಪು ಕೊಟ್ಟ ಕಣ್ಣು. ನನ್ನದು ರೋಗಿಗಳ ಸಪ್ಪೆ ಸೂಪು. ಹೋದ ವರ್ಷ ನಮ್ಮಲ್ಲಿಗೆ ಹೊಸ ಡಯಟೀಷಿಯನ್ ಬಂದರು, ನಾವೆಲ್ಲ ಪಥ್ಯದ ಮೇಡಂ ಅನ್ನುತ್ತೇವೆ. ಬಂದ ದಿನವೇ ಗೋಡೆಗೆ ಒಂದು ದೊಡ್ಡ ಬಣ್ಣದ ಪಟ ಅಂಟಿಸಿ, ಇನ್ನು ಮೇಲೆ ನಾಲ್ಕು ಬಣ್ಣಕ್ಕಿಂತ ಕಡಿಮೆ ಇರುವ ತಟ್ಟೆ ಈ ಬಾಗಿಲು ದಾಟುವ ಹಾಗಿಲ್ಲ, ಬಿಳಿ ಲೆಕ್ಕಕ್ಕಿಲ್ಲ ಎಂದು ಅಪ್ಪಣೆ ಹೊರಡಿಸಿದರು. ತರಕಾರಿಯ ಬಣ್ಣ ಬರೀ ಅಂದಕ್ಕಲ್ಲವಂತೆ, ಗಿಡ ತನ್ನನ್ನು ಕಾಪಾಡಿಕೊಳ್ಳಲು ಮಾಡಿಕೊಂಡದ್ದರಲ್ಲಿ ನಮಗೂ ಪಾಲು ಸಿಗುತ್ತದಂತೆ. ಕ್ಯಾರೆಟ್, ಸಿಹಿಗುಂಬಳ, ಪರಂಗಿ ಇವುಗಳ ಕಿತ್ತಳೆ ಬಣ್ಣ ಕ್ಯಾರೊಟಿನ್, ಅದು ಮೈಯೊಳಗೆ ಹೋಗಿ ವಿಟಮಿನ್ ಎ ಆಗುತ್ತದೆ, ಒಂದು ಚಮಚ ಎಣ್ಣೆ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಟೊಮೆಟೊ, ಕಲ್ಲಂಗಡಿಯ ಕೆಂಪು ಲೈಕೋಪಿನ್, ಟೊಮೆಟೊ ಹಸಿಯದಕ್ಕಿಂತ ಬೇಯಿಸಿದರೆ ಹೆಚ್ಚು ದಕ್ಕುತ್ತದೆ. ಸೊಪ್ಪಿನ ಹಸಿರಿನ ಅಡಿಯಲ್ಲಿ ಲೂಟಿನ್ ಎಂಬ ಹಳದಿ ಅಡಗಿ ಕೂತಿರುತ್ತದೆ, ಮೆಕ್ಕೆಜೋಳದಲ್ಲೂ ಮೊಟ್ಟೆಯ ಹಳದಿಯಲ್ಲೂ ಅದೇ, ಅದು ಕಣ್ಣಿಗೆ ಒಳ್ಳೆಯದು. ಇನ್ನು ನೇರಳೆ ಕೋಸು, ಕಪ್ಪು ದ್ರಾಕ್ಷಿ, ಬದನೆಯ ಸಿಪ್ಪೆ ಇವುಗಳದ್ದು ಆಂಥೋಸಯನಿನ್. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೋಸು ಸೀದು ಹೋಗಿರುತ್ತದೆ. ಈ ಪಾಠವನ್ನೆಲ್ಲ ನಾನು ಮನೆಗೆ ಬಂದು ಸುಮ್ಮನೆ ಹರಟೆಗೆ ಹೇಳಿದೆ.

ಅಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಇನ್ನೊಂದ್ ಸಲ ಹೇಳು, ನಿಧಾನಕ್ಕೆ" ಅಂದರು! ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಣೋ, ನನ್ನ ಕೆಲಸದ ಬಗ್ಗೆ ಒಂದು ಪ್ರಶ್ನೆ. ನನಗೆ ಸ್ವರ್ಗ ಮೂರೇ ಗೇಣು. ಮಾರನೆಯ ದಿನವೇ ಅಟ್ಟದಿಂದ ಮಿಲ್ಲಿನ ಹಳೇ ತಗಡಿನ ಪೆಟ್ಟಿಗೆ ಇಳಿಸಿಸಿದರು, ಬಣ್ಣದ ಮಾದರಿಯ ಶೇಡ್ ಕಾರ್ಡು ತುಂಬಿದ್ದ ಅದೇ ಪೆಟ್ಟಿಗೆ. ನೀನು ಮುಟ್ಟಿದರೆ ಬೆರಳಿನ ಜಿಡ್ಡು ಹತ್ತುತ್ತದೆಂದು ಸೋಪು ಹಾಕಿ ಕೈ ತೊಳೆಸುತ್ತಿದ್ದರಲ್ಲ. "ನಿನ್ನ ಕಣ್ಣು ಎಷ್ಟು ಪಳಗಿದೆ ನೋಡೋಣ, ಬೆಂದ ಕ್ಯಾರೆಟ್ಟಿಗೆ ಸರಿಹೊಂದೋ ಕಾರ್ಡ್ ಆರಿಸು" ಅಂದರು. ಆರಿಸಿದೆ. "ಸೊಪ್ಪಿಗೆ?" ಅದನ್ನೂ ಆರಿಸಿದೆ. ಹೀಗೆ ಎಂಟು ತರಕಾರಿಗೆ ಎಂಟು ಕಾರ್ಡು ನಾನೇ ಆರಿಸಿದ್ದು, ಅಪ್ಪ ತಲೆ ಆಡಿಸಿದ್ದು. ಅಂದಿನಿಂದ ನಮ್ಮ ಮನೆಯೇ ಮಿಲ್ಲಾಯಿತು. ನಾನು ಕೆಲಸದಿಂದ ಬಂದು ಅಡುಗೆ ಮಾಡಿ, ನಾಲ್ಕೂವರೆಗೆ ತಟ್ಟೆಯನ್ನು ಈ ಕಿಟಕಿಯ ಹತ್ತಿರ ತರಬೇಕು, ಇಲ್ಲಿ ನೇರ ಬಿಸಿಲು ಬೀಳುವುದಿಲ್ಲವಲ್ಲ, ಬಣ್ಣ ಇದ್ದ ಹಾಗೇ ಕಾಣುತ್ತದಂತೆ. ಅಪ್ಪ ತಟ್ಟೆಯನ್ನು ಮೂಗಿನ ತನಕ ಎತ್ತಿ, ಕಾರ್ಡನ್ನು ಪಕ್ಕದಲ್ಲಿ ಹಿಡಿದು, ಕತ್ತು ಓರೆ ಮಾಡಿ ನೋಡಿ, "ಪಾಸ್" ಎನ್ನಬೇಕು. ಆಮೇಲೇ ಊಟ. ನಿನ್ನ ಭಾವ ಹಸಿವಿನಿಂದ ಹಲ್ಲು ಕಡಿಯುತ್ತಿದ್ದರು. ಸೊಪ್ಪನ್ನಂತೂ ವಾರಕ್ಕೆರಡು ಸಲ ಫೇಲ್ ಮಾಡುತ್ತಿದ್ದರು, ಹಸಿರು ಮಂಕಾಗಿದೆ ಎಂದು. ನಾನು ಹಟಕ್ಕೆ ಬಿದ್ದು ಸೊಪ್ಪು ಬೇಯಿಸುವ ನೀರಿಗೆ ಚಿಟಿಕೆ ಅಡಿಗೆ ಸೋಡ ಹಾಕತೊಡಗಿದೆ. ಸೋಡ ಹಾಕಿದರೆ ಹಸಿರು ಎದ್ದು ಹೊಳೆಯುತ್ತದೆ, ಆದರೆ ವಿಟಮಿನ್ ಸತ್ತುಹೋಗುತ್ತದೆ, ಯಾರಾದರೂ ಹಾಕಿದ್ದು ಕಂಡರೆ ಕೆಲಸದಿಂದ ಓಡಿಸುತ್ತೇನೆ ಎಂದು ಪಥ್ಯದ ಮೇಡಂ ಎಚ್ಚರಿಸಿದ್ದರು. ಆಸ್ಪತ್ರೆಯಲ್ಲಿ ಹಾಕಲಿಲ್ಲ. ಮನೆಯಲ್ಲಿ ಅಪ್ಪನ ಒಂದು ಪಾಸಿಗೋಸ್ಕರ ಕದ್ದು ಹಾಕಿದೆ.

ಎರಡು ತಿಂಗಳ ಹಿಂದೆ ಇನ್ನೊಂದು ರಾದ್ಧಾಂತ ಆಯಿತು, ಅದನ್ನು ನಿನಗೆ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಅಪ್ಪನ ಕೈಗೆ ಚಹಾ ಕೊಡುವಾಗ ನೋಡುತ್ತೇನೆ, ಅಂಗೈ ಅರಿಶಿನ ಹಚ್ಚಿದ ಹಾಗಿದೆ! ಅಂಗಾಲು ನೋಡಿದರೆ ಅದೂ ಹಾಗೆಯೇ. ಕಾಮಾಲೆ ಎಂದು ಬೊಬ್ಬೆ ಹೊಡೆದು, ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲಿ ಡಾಕ್ಟರು ಕೆಳರೆಪ್ಪೆ ಎಳೆದು ನೋಡಿ, ಕಣ್ಣಿನ ಬಿಳಿ ಬೆಳ್ಳಗೇ ಇದೆ, ಕಾಮಾಲೆಯಲ್ಲ, ಯಜಮಾನರು ಏನಾದರೂ ವಿಪರೀತ ಕ್ಯಾರೆಟ್ ತಿನ್ನುತ್ತಾರಾ ಎಂದು ಕೇಳಿದರು. ಅಪ್ಪ ನೆಲ ನೋಡಿದರು. ದಿನಾ ನಾನು ಕೆಲಸಕ್ಕೆ ಹೋದ ಮೇಲೆ ಎಂಟು, ಹತ್ತು ಹಸಿ ಕ್ಯಾರೆಟ್, ಜೊತೆಗೆ ಬೆಂದ ಕುಂಬಳ ತಿನ್ನುತ್ತಿದ್ದರಂತೆ! ಹೆಚ್ಚಾದ ಕ್ಯಾರೊಟಿನ್ ಚರ್ಮದಲ್ಲಿ ಉಳಿದುಕೊಂಡಿದೆ, ಅಪಾಯವೇನಿಲ್ಲ, ಕಡಿಮೆ ಮಾಡಿದರೆ ತಾನೇ ಹೋಗುತ್ತದೆ ಎಂದು ಡಾಕ್ಟರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಮೊಲ ಅಂತ ಅಡ್ಡಹೆಸರೂ ಇಟ್ಟೆ. ಒಬ್ಬ ಮುದುಕ ಯಾಕೆ ಕದ್ದು ಕ್ಯಾರೆಟ್ ತಿನ್ನುತ್ತಾನೆ ಎಂದು ಯೋಚಿಸುವಷ್ಟು ಬುದ್ಧಿ ನನ್ನ ತಲೆಗೆ ಬರಲಿಲ್ಲ. ಅಂದು ಕಣ್ಣಿನ ಬಿಳಿಯನ್ನು ಎಲ್ಲರೂ ನೋಡಿದೆವು, ಒಳಗೆ ಯಾರೂ ನೋಡಲಿಲ್ಲ.

ಈಗ ಮಂಗಳವಾರದ ಕಥೆ. ಸೊಪ್ಪು ಬೇಯಿಸಿ ತೆಗೆದಿದ್ದೆ, ಪಾತ್ರೆಯಲ್ಲಿ ಬಿಸಿನೀರು ಹಾಗೇ ಇತ್ತು. ಗ್ಯಾಸು ಯಾಕೆ ದಂಡ ಎಂದು ಹೆಚ್ಚಿದ ನೇರಳೆ ಕೋಸನ್ನು ಅದೇ ನೀರಿಗೆ ಸುರಿದು, ಬಟ್ಟೆ ಒಣಹಾಕಲು ಹೋದೆ. ಬಂದು ಮುಚ್ಚಳ ತೆಗೆದರೆ, ಅಯ್ಯಯ್ಯೋ, ಪಾತ್ರೆಯ ತುಂಬ ನೀಲಿ! ನೇರಳೆಯೂ ಅಲ್ಲ, ಕೆಂಪೂ ಅಲ್ಲ, ಇಂಕು ಚೆಲ್ಲಿದ ಹಾಗೆ ಅಚ್ಚನೀಲಿ. ಮೇಡಂ ಹೇಳಿದ್ದು ಆಗ ನೆನಪಾಯಿತು. ಆ ಹೆಸರು ಹೇಳಲಾಗದ ಬಣ್ಣ ಊಸರವಳ್ಳಿ ಇದ್ದ ಹಾಗೆ, ನಿಂಬೆರಸ ಹಿಂಡಿದರೆ ಕೆಂಪಗಾಗುತ್ತದೆ, ಸೋಡ ತಗುಲಿದರೆ ನೀಲಿಯಾಗುತ್ತದೆ. ನನ್ನ ಕಳ್ಳತನ ಕೋಸಿನಲ್ಲಿ ಹೊರಬಿತ್ತು. ಚೆಲ್ಲೋಣ ಎಂದುಕೊಂಡವಳು, ಇರಲಿ, ಅಪ್ಪನಿಗೆ ತೋರಿಸಿ ತಮಾಷೆ ನೋಡೋಣ ಎಂದು ತಟ್ಟೆಗೆ ಹಾಕಿಕೊಂಡು ಈ ಕಿಟಕಿಗೆ ತಂದೆ. ಎಂಥಾ ಬೈಗುಳ ಬೀಳುತ್ತದೋ ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದೆ. ಅಪ್ಪ ತಟ್ಟೆ ಎತ್ತಿದರು. ಮೂಸಿದರು. ಪೆಟ್ಟಿಗೆಯೊಳಗೆ ಬೆರಳಾಡಿಸಿ ಎಂಟನೇ ಕಾರ್ಡು ತೆಗೆದರು, ನೇರಳೆ ಕೋಸಿಗೆಂದು ನಾನು ಆರಿಸಿದ್ದ ದ್ರಾಕ್ಷಿ ಕೆಂಪು. ಪಕ್ಕಕ್ಕೆ ಹಿಡಿದು ಕತ್ತು ಓರೆ ಮಾಡಿ, "ಪಾಸ್. ನೇರಳೆ ಕೋಸು ಅಂದ್ರೆ ಹೀಗಿರ್ಬೇಕು ನೋಡು, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ" ಅಂದರು.

ತಮಾಷೆಗೆ ಪ್ರತಿತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ನಗಲು ಹೊರಟೆ. ಅಪ್ಪನ ಮುಖ ನೋಡಿದೆ. ಅಲ್ಲಿ ತಮಾಷೆ ಇರಲಿಲ್ಲ ಕಣೋ. ಮೂವತ್ತನಾಲ್ಕು ವರ್ಷ ಮಿಲ್ಲಿನಲ್ಲಿ ಇರುತ್ತಿತ್ತಲ್ಲ, ಆ ಗತ್ತು, ಅದೇ ಇತ್ತು. ನೀಲಿ ಕೋಸು ಒಂದು ಕೈಯಲ್ಲಿ, ಕೆಂಪು ಕಾರ್ಡು ಇನ್ನೊಂದು ಕೈಯಲ್ಲಿ. ಕಾರ್ಡು ಈಸಿಕೊಂಡು ನೋಡಿದೆ. ಅಂಚಿನಲ್ಲಿ ಉಗುರು ಕತ್ತರಿಸುವ ಕತ್ತರಿಯಿಂದ ಹಾಕಿದ ಸಣ್ಣ ಸಣ್ಣ ಕಚ್ಚುಗಳಿದ್ದವು, ಒಟ್ಟು ಎಂಟು. ಕ್ಯಾರೆಟ್ಟಿನ ಕಾರ್ಡಿಗೆ ಒಂದು, ಟೊಮೆಟೊ ಕಾರ್ಡಿಗೆ ಎರಡು. ಬೆರಳಿನಿಂದ ಎಣಿಸಲು! ತರಕಾರಿ ಯಾವುದೆಂದು ಮೂಗು ಹೇಳುತ್ತದೆ, ಕಾರ್ಡು ಯಾವುದೆಂದು ಬೆರಳು ಹೇಳುತ್ತದೆ, ಕಣ್ಣಿಗೆ ಕೆಲಸವೇ ಇಲ್ಲ. "ಅಪ್ಪಾ, ಇದು ನೀಲಿ" ಅಂದೆ. ಅಪ್ಪ "ಓ" ಅಂದರು. ಅಷ್ಟೇ. ಆಮೇಲೆ ತಟ್ಟೆಯನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟರು. ಸೊಪ್ಪು ಯಾಕೆ ಫೇಲ್ ಮಾಡುತ್ತಿದ್ದಿರಿ ಎಂದು ಕೇಳಿದರೆ, "ಎಲ್ಲಾನೂ ಪಾಸ್ ಮಾಡಿದ್ರೆ ನಿಂಗೆ ಅನುಮಾನ ಬರಲ್ವಾ?" ಎಂದು ನನ್ನನ್ನೇ ಕೇಳಿದರು. ನಗಬೇಕೋ ಅಳಬೇಕೋ ಹೇಳು. ಕಾಣದ ಹಸಿರಿಗೆ ನಾನು ಸೋಡ ಹಾಕುತ್ತಿದ್ದೆ, ಒಂದು ವರ್ಷ.

ಆಮೇಲೆ ಒಂದೊಂದೇ ನೆನಪಾಗಿ ಚುಚ್ಚತೊಡಗಿತು. ಪೇಪರ್ ಓದು ಅಂದರೆ ಕನ್ನಡಕ ಎಲ್ಲಿಟ್ಟೆನೋ ಅನ್ನುತ್ತಿದ್ದರು, ಕನ್ನಡಕ ತಲೆಯ ಮೇಲೇ ಇರುತ್ತಿತ್ತು. ಕಾರ್ಡು ಆರಿಸಲು ನನ್ನ ಕಣ್ಣು ಪರೀಕ್ಷೆ ಮಾಡುತ್ತೇನೆಂದು ನನ್ನ ಕಣ್ಣನ್ನೇ ಬಳಸಿಕೊಂಡಿದ್ದರು. ನೀನು ಕಳಿಸಿದ್ದೆಯಲ್ಲ, ಪುಟ್ಟಿ ಹಲ್ಲು ಬಿಟ್ಟು ನಗುವ ಫೋಟೋ, ಅದನ್ನು ಅಪ್ಪನ ಕೈಗೆ ಕೊಟ್ಟಾಗ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಓರೆಗಣ್ಣಿನಲ್ಲಿ ನೋಡಿದ್ದರು. ನಿನ್ನ ಮೇಲಿನ ಸಿಟ್ಟನ್ನು ಮಗುವಿನ ಮೇಲೆ ತೋರಿಸುತ್ತಿದ್ದಾರೆ ಎಂದು ನನಗೆ ಮೈ ಉರಿದುಹೋಗಿತ್ತು. "ಮೊಮ್ಮಗಳ ಮುಖ ನೆಟ್ಟಗೆ ನೋಡೋಕೂ ಆಗಲ್ವಾ ನಿಮಗೆ?" ಎಂದು ಹಂಗಿಸಿದ್ದೆ. ನೆಟ್ಟಗೆ ನೋಡಿದರೆ ನಡುವೆ ಬರೀ ಖಾಲಿಯಂತೆ ತಮ್ಮಾ. ಅಂಚಿನಲ್ಲಿ ಮಾತ್ರ ಸ್ವಲ್ಪ ಕಾಣುತ್ತದಂತೆ, ಅದಕ್ಕೇ ಕತ್ತು ಓರೆ. ಮಗು ಹೇಗಿದ್ದಾಳೆಂದು ಆ ಅಂಚಿನಲ್ಲಿ ಹುಡುಕುತ್ತಿದ್ದರು, ನಾನು ಬೈಯುತ್ತಿದ್ದೆ. ಒಂದೇ ಸೂರಿನ ಕೆಳಗಿದ್ದು ಮೂರು ಹೊತ್ತು ಅನ್ನ ಬಡಿಸಿದವಳಿಗೆ ಇದು ಗೊತ್ತಾಗಲಿಲ್ಲ ಎಂದರೆ, ಕಣ್ಣು ಕಾಣದವರು ಅಪ್ಪನೋ ನಾನೋ?

ಬುಧವಾರ ನಮ್ಮ ಆಸ್ಪತ್ರೆಯಲ್ಲೇ ಕಣ್ಣಿನ ಡಾಕ್ಟರಮ್ಮನಿಗೆ ತೋರಿಸಿದೆ. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಒಂದು ಹಳದಿ ಚುಕ್ಕೆ ಇರುತ್ತದಂತೆ, ಮುಖ, ಅಕ್ಷರ, ಬಣ್ಣ ಎಲ್ಲ ಕಾಣುವುದು ಅದರಿಂದಲೇ. ಅದಕ್ಕೆ ಆ ಹಳದಿ ಎಲ್ಲಿಂದ ಬಂತು ಗೊತ್ತೇ? ಸೊಪ್ಪಿನಿಂದ, ಮೆಕ್ಕೆಜೋಳದಿಂದ, ಮೊಟ್ಟೆಯಿಂದ. ನಾವು ತಿಂದ ಲೂಟಿನ್ನೇ ಅಲ್ಲಿ ಹೋಗಿ ಕೂತು ಬೆಳಕಿನ ಝಳ ತಡೆಯುತ್ತದಂತೆ. ಕೇಳಿ ನಾನು ಬೆಪ್ಪಾದೆ. ಅಪ್ಪ ಮಾತ್ರ ಕುರ್ಚಿಯ ತುದಿಗೆ ಬಂದು, "ಹಾಗಾದ್ರೆ ಇನ್ನೂ ಜಾಸ್ತಿ ತಿಂದ್ರೆ ವಾಪಸ್ ಬರುತ್ತಾ?" ಎಂದು ಕೇಳಿದರು. ಡಾಕ್ಟರಮ್ಮ ಒಳ್ಳೆಯವರು, ನಗಲಿಲ್ಲ. ಗೋಡೆಗೆ ಸುಣ್ಣ ಬಳಿದರೆ ಗೋಡೆ ಬಾಳಿಕೆ ಬರುತ್ತೆ ತಾತಾ, ಕುಸಿದ ಗೋಡೆಯನ್ನ ಸುಣ್ಣ ಎಬ್ಬಿಸಲ್ಲ ಅಂದರು. ಸೊಪ್ಪು ತರಕಾರಿ ತಿನ್ನಿ, ತಿನ್ನುತ್ತಲೇ ಇರಿ, ಆದರೆ ಔಷಧದ ಬದಲಿಗೆ ಅಲ್ಲ. ಬಲಗಣ್ಣಿನ ನಡುವಿನ ದೃಷ್ಟಿ ಹೋಗಿದೆ, ಅದು ಬರುವುದಿಲ್ಲ. ಎಡಗಣ್ಣಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಆದರೆ ಒಳಗೆ ಹೊಸದಾಗಿ ರಕ್ತ ಜಿನುಗತೊಡಗಿದೆ. ಬರುವ ಗುರುವಾರ ಮೊದಲ ಇಂಜೆಕ್ಷನ್ ಆಗಲೇಬೇಕು, ಆಮೇಲೆ ತಿಂಗಳಿಗೊಂದು. ತಡ ಮಾಡಿದರೆ ಎಡಗಣ್ಣಿಗೂ ಅದೇ ದಾರಿ. ಎಷ್ಟು ಕಾಲದಿಂದ ಹೀಗಿದೆ ಎಂದು ಕೇಳಿದ್ದಕ್ಕೆ ಅಪ್ಪ ಒಂದು ವರ್ಷ ಅಂದರು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, ನೋಡಿದರೆ ಅದಕ್ಕಿಂತ ಹಳೆಯದು ಅನ್ನಿಸುತ್ತೆ ಅಂದರು. ಅಪ್ಪ ಕೇಳಿಸದವರ ಹಾಗೆ ಚೀಟಿ ಮಡಚಿ ಜೇಬಿಗಿಟ್ಟರು.

ಈಗ ಕಷ್ಟ ಇರುವುದು ಇಲ್ಲಿ. ಅಪ್ಪ ಇಂಜೆಕ್ಷನ್ ಬೇಡ ಅನ್ನುತ್ತಿದ್ದಾರೆ. ಕಣ್ಣಿಗೆ ಸೂಜಿ ಎಂದು ಹೆದರಿಕೆ ಇರಬೇಕೆಂದು ನಾನೂ ನಿನ್ನ ಭಾವನೂ ಸಮಾಧಾನ ಹೇಳಿದೆವು, ಮರಗಟ್ಟುವ ಹನಿ ಹಾಕುತ್ತಾರೆ, ನೋವಾಗುವುದಿಲ್ಲ ಎಂದು. ಅಪ್ಪ ಕೈಯಾಡಿಸಿ, "ನೋವಿಗಲ್ಲ. ಈ ಕಣ್ಣಿಗೆ ಆಗ್ಬೇಕಾದ್ದೇ ಆಗಿದೆ, ಹೋಗ್ಲಿ ಬಿಡಿ" ಅಂದರು. ನಿನ್ನೆಯಿಂದ ಇದೊಂದೇ ಮಾತು. ಬೈದೆ, ಅತ್ತೆ, ಊಟ ಬಿಡುತ್ತೇನೆಂದು ಹೆದರಿಸಿದೆ. ಜಗ್ಗಲಿಲ್ಲ. ಅಪ್ಪ ಯಾರ ಮಾತೂ ಕೇಳದವರು, ಕೇಳಿದರೆ ನಿನ್ನ ಮಾತೊಂದೇ ಕೇಳಿಯಾರು ಎಂದು ನನ್ನ ಮನಸ್ಸು ಹೇಳುತ್ತದೆ.

ಅದಕ್ಕೇ ಹಳೆಯದನ್ನು ಒಂದು ಸಲ ಎತ್ತುತ್ತೇನೆ, ಬೈಕೋಬೇಡ. ನಾಲ್ಕು ವರ್ಷದ ಹಿಂದೆ, ನೀನೂ ಅಪ್ಪನ ಕೈಕೆಳಗೆ ಕೆಲಸಕ್ಕಿದ್ದಾಗ, ಆ ಹಸಿರು ಬಟ್ಟೆಯ ಲಾಟು ಬಣ್ಣ ತಪ್ಪಿ ಮಿಲ್ಲಿಗೆ ವಾಪಸ್ ಬಂದಾಗ, ಅಪ್ಪ ಊಟಕ್ಕೆ ಹೋಗಿದ್ದಾಗ ನೀನೇ ನೋಡಿ ಪಾಸ್ ಮಾಡಿದ್ದು ಎಂದು ಎಲ್ಲರೂ ಹೇಳಿದರು, ಅಪ್ಪನೂ ಹೇಳಿದರು. ನೀನೊಬ್ಬನೇ, "ನಾನು ಬೇಡ ಅಂದೆ, ಅಪ್ಪನೇ ಪಾಸ್ ಮಾಡಿದ್ದು" ಎಂದೆ. ನಿನ್ನ ಕೆಲಸ ಹೋಯಿತು, ನೀನು ಮನೆ ಬಿಟ್ಟೆ. ಅಂದು ಬಾಗಿಲಲ್ಲಿ ನಾನೂ ನಿನ್ನನ್ನು ತಡೆದು, "ತಪ್ಪು ಮಾಡಿ ಅಪ್ಪನ ಮೇಲೆ ಹಾಕ್ತೀಯಾ? ನಿನ್ನ ಕಣ್ಣು ಎಲ್ಲಿತ್ತು?" ಎಂದು ಎರಗಿದ್ದೆ. ಮಾತು ಜಾಸ್ತಿಯಾಯಿತು, ಒಪ್ಪುತ್ತೇನೆ. ಹರೆಯದ ಅವಸರ, ಯಾರಿಗೆ ತಪ್ಪಾಗುವುದಿಲ್ಲ? ಮೂವತ್ತನಾಲ್ಕು ವರ್ಷ ಒಂದೇ ಒಂದು ತಪ್ಪು ಮಾಡದ ಕಣ್ಣಿನ ಮುಂದೆ ನಿನ್ನ ಒಂದು ತಪ್ಪು ದೊಡ್ಡದಾಗಿ ಕಂಡಿತು, ಅಷ್ಟೇ. ನಾವೆಲ್ಲ ಅದನ್ನು ಎಂದೋ ಮರೆತು ಕ್ಷಮಿಸಿದ್ದೇವೆ. ನೀನೂ ಮರೆತುಬಿಡು. ಅಪ್ಪನಿಗೆ ಒಂದು ಫೋನ್ ಮಾಡಿ, ಇಂಜೆಕ್ಷನ್ ಹಾಕಿಸಿಕೊಳ್ಳಿ ಎಂದು ಒಂದು ಮಾತು ಹೇಳು, ಸಾಕು. ಬಾ ಎನ್ನುವುದಿಲ್ಲ. ಒಂದು ಮಾತಿಗೆ ಒಂದು ಕಣ್ಣು ಉಳಿಯುತ್ತದೆಂದರೆ ನಿನ್ನ ಗಂಟೇನೂ ಹೋಗುವುದಿಲ್ಲವಲ್ಲ.

ಪುಟ್ಟಿಗೆ ನನ್ನ ಲೊಚಲೊಚ ಮುತ್ತು. ಅವಳಿಗೆ ಬಣ್ಣಬಣ್ಣದ್ದು ತಿನ್ನಿಸು, ಸಿಪ್ಪೆ ಬಿಸಾಡಬೇಡ, ಸೋಡ ಮಾತ್ರ ಹಾಕಬೇಡ. ನಿನ್ನ ಹೆಂಡತಿಗೆ ಬಿಸಿನೀರು ಕುಡಿದು ಬೆಚ್ಚಗಿರಲು ಹೇಳು. ನಿನ್ನ ಸೊಂಟ ಗಟ್ಟಿಯಾಗಲಿ, ತಲೆ ತಣ್ಣಗಿರಲಿ, ನೂರು ವರ್ಷ ಸುಖವಾಗಿ ಬಾಳು.

ಇಂತಿ ನಿನ್ನ ಅಕ್ಕ,
ಸಪ್ಪೆ ಸೂಪಿನವಳು

ಮರೆತ ಮಾತು: ತಡಿ ತಡಿ, ಲಕೋಟೆ ಮತ್ತೆ ಬಿಚ್ಚಿದ್ದೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಯಾರಿಗೆ ಬರೆದೆ ಎಂದು ಅಪ್ಪ ಕೇಳಿದರು. ಹೇಳಿದೆ. ಓದಿ ಹೇಳು ಅಂದರು. ಅವರಿಗೆ ಓದಲಾಗುವುದಿಲ್ಲವಲ್ಲ, ಎಲ್ಲ ಓದಿದೆ. "ನಾವೆಲ್ಲ ಕ್ಷಮಿಸಿದ್ದೇವೆ" ಎಂಬಲ್ಲಿಗೆ ಬಂದಾಗ, "ನಿಲ್ಸು" ಎಂದು ಎದ್ದು ತಗಡಿನ ಪೆಟ್ಟಿಗೆ ತಂದರು. ತಳಕ್ಕೆ ಹಾಸಿದ್ದ ಕಾಗದ ಎತ್ತಿ, ಅಡಿಯಿಂದ ಒಂದು ಕಾರ್ಡು ತೆಗೆದು, ಅಂಚಿಗೆ ಬೆರಳು ಸವರಿ ನೋಡಿ ನನ್ನ ಕೈಗಿಟ್ಟರು. ಮೂರು ಕಚ್ಚು. ಹೊಸದಲ್ಲ ತಮ್ಮಾ, ಕೊಳೆ ಕೂತು ಅಂಚು ಸವೆದುಹೋದ ಕಚ್ಚು. "ಮಿಲ್ಲಲ್ಲೇ ಶುರು ಮಾಡಿದ್ದೆ" ಅಂದರು. ಕಾರ್ಡಿಗೆ ಆ ಲಾಟಿನ ಬಟ್ಟೆಯ ತುಂಡು ಪಿನ್ ಮಾಡಿದೆ. ಹಿಂದೆ ಆ ದಿನದ ತಾರೀಖು, ಕೆಳಗೆ ಪಾಸ್ ಎಂದು ಬರೆದಿದೆ. ಅಕ್ಷರ ಅಪ್ಪನದು. ನಿನ್ನದಲ್ಲ.

"ಇದು ನೀಲಿಗೆ ಹೊಡೀತಿದೆ ಅಪ್ಪಾ ಅಂತ ಅವನು ಎರಡು ಸಲ ಹೇಳಿದ. ನಂಗೆ ಬಟ್ಟೆ, ಕಾರ್ಡು ಎರಡೂ ಒಂದೇ ಥರ ಕಾಣಿಸ್ತು. ಕಣ್ಣು ಹೋಗಿದೆ ಅಂದ್ರೆ ಕೆಲಸ ಹೋಗುತ್ತೆ ಅಂತ ಹೆದರಿದೆ. ಅವನ ಕೆಲಸ ಹೋಯ್ತು." ಇಷ್ಟು ಹೇಳಿ ಅಪ್ಪ ಅತ್ತರು. ಅಮ್ಮ ಹೋದಾಗಲೂ ಅಳದವರು. ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಾನು ಸೂಪು ಕಲಕುವವಳು, ನನಗೇ ಕಾಣುತ್ತದೆ ಕಣೋ, ಬಟ್ಟೆ ನೀಲಿಗೆ ಹೊಡೆಯುತ್ತಿದೆ. ನಿನ್ನ ಕಣ್ಣು ಇರಬೇಕಾದಲ್ಲೇ ಇತ್ತು. ನನ್ನದೇ ಎಲ್ಲಿತ್ತೋ ಗೊತ್ತಿಲ್ಲ. ಕ್ಷಮಿಸಿದ್ದೇವೆ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ, ನನಗೆ ನಾಚಿಕೆಯಾಗಲಿ ಎಂದು ಹಾಗೇ ಬಿಟ್ಟಿದ್ದೇನೆ. ನನ್ನನ್ನು ಕ್ಷಮಿಸು. ಕಾರ್ಡು ಇದರ ಜೊತೆಗಿದೆ, ಅದು ನಿನಗೆ ಸೇರಿದ್ದು, ಯಾರಿಗೆ ಬೇಕಾದರೂ ತೋರಿಸಲಿ ಎಂದಿದ್ದಾರೆ ಅಪ್ಪ.

ಇಂಜೆಕ್ಷನ್ ಗುರುವಾರ ಬೆಳಿಗ್ಗೆ ಹತ್ತಕ್ಕೆ. ನಿನ್ನನ್ನು ಕರೆಯುವ ಮುಖ ತಮಗಿಲ್ಲ ಅನ್ನುತ್ತಾರೆ ಅಪ್ಪ. ಅದಕ್ಕೆ ನಾನು ಕರೆಯುತ್ತಿದ್ದೇನೆ. ಫೋನ್ ಸಾಲದು, ಬಾ. ಪುಟ್ಟಿಯನ್ನೂ ಕರೆದುಕೊಂಡು ಬಾ, ಎಡಗಣ್ಣಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಭಾವನ ಬಸ್ಸು ಬುಧವಾರ ಸಂಜೆ ನಿಮ್ಮ ಕಡೆಯಿಂದ ಹೊರಡುತ್ತದೆ, ಮುಂದಿನ ಸೀಟು ಖಾಲಿ ಇಡಿಸಿದ್ದೇನೆ. ನೇರಳೆ ಕೋಸು ತಂದಿಟ್ಟಿದ್ದೇನೆ, ಈ ಸಲ ನಿಂಬೆರಸ ಹಿಂಡಿ ಮಾಡುತ್ತೇನೆ. ಬಣ್ಣ ಸರಿ ಬಂದಿದೆಯೋ ಇಲ್ಲವೋ, ನೀನೇ ನೋಡಿ ಹೇಳು.